ವಾಪಸ್ ಟಿಕೆಟ್ ಇಟ್ಟುಕೊಳ್ಳದ ನಾನ್ಸೆನ್

1888ರಲ್ಲಿ ನಾರ್ವೆಯ ಬರ್ಗೆನ್ ಪಟ್ಟಣದ ಪತ್ರಿಕೆಯೊಂದು ತಮಾಷೆಯ ಜಾಹೀರಾತೊಂದನ್ನು ಅಚ್ಚು ಹಾಕಿತು. ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವ ನಾನ್ಸೆನ್ ಎಂಬಾತ ಗ್ರೀನ್‌ಲ್ಯಾಂಡ್‌ನ ನಡುಭಾಗದ ಹಿಮದ ಮೇಲೆ ಸ್ಕೀ ಪ್ರದರ್ಶನ ಕೊಡಲಿದ್ದಾನೆ, ನೋಡುಗರಿಗೆ ಹಿಮದ ಬಿರುಕುಗಳಲ್ಲೇ ಆಸನ ಕಾಯ್ದಿರಿಸಲಾಗಿದೆ, ವಾಪಸ್ ಟಿಕೆಟ್ ಕೊಳ್ಳುವ ಅಗತ್ಯವಿಲ್ಲ ಎಂಬುದು ಅದರ ತಿರುಳು.

ಆ ನಗೆಯ ಹಿಂದೆ ಒಂದು ಸತ್ಯವೂ ಇತ್ತು. ಫ್ರಿಟ್‌ಯೋಫ್ ನಾನ್ಸೆನ್ ಹಾಕಿಕೊಂಡಿದ್ದ ಯೋಜನೆಯಲ್ಲಿ ವಾಪಸ್ ಬರುವ ದಾರಿಯೇ ಇರಲಿಲ್ಲ. ಅದನ್ನು ಆತ ಬೇಕೆಂದೇ ಬಿಟ್ಟಿದ್ದ. ಮುಂದೆ ನಲವತ್ತು ವರ್ಷ ಬದುಕಿ, ವಿಜ್ಞಾನಿ, ಅನ್ವೇಷಕ, ರಾಯಭಾರಿ ಎಲ್ಲ ಆದ ಮೇಲೆ ಈ ಮನುಷ್ಯ ಜಗತ್ತಿಗೆ ಬಿಟ್ಟುಹೋದ ದೊಡ್ಡ ಆಸ್ತಿ ಒಂದು ಹಾಳೆ ಕಾಗದ. ಊರಿಗೆ ಮರಳಲಾಗದೆ ಹೋದವರಿಗಾಗಿ ಹುಟ್ಟಿದ ಕಾಗದ ಅದು. ಹಿಮದ ಮೇಲಿನ ಆ ನಡಿಗೆಗೂ ಈ ಕಾಗದಕ್ಕೂ ನಡುವಿನ ದಾರಿ ಊರು ಬಿಟ್ಟು ದುಡಿಯುತ್ತಿರುವ ನಮ್ಮಂಥವರಿಗೆ ತಿಳಿದಿರಬೇಕಾದದ್ದು.

ಸ್ಕೀ ಕಟ್ಟಿಕೊಂಡ ಪ್ರಾಣಿಶಾಸ್ತ್ರಜ್ಞ

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಇಂದಿನ ಓಸ್ಲೋ ನಗರದ ಹೊರವಲಯದ ಸ್ಟೋರೆ ಫ್ರೋಯೆನ್ ಎಂಬಲ್ಲಿ. ಆಗ ನಗರದ ಹೆಸರು ಕ್ರಿಸ್ಟಿಯಾನಿಯಾ. ತಂದೆ ಬಾಲ್ಡುರ್ ವಕೀಲ, ಶಿಸ್ತಿನ ಮನುಷ್ಯ. ತಾಯಿ ಅಡೆಲೇಡ್ ದೊಡ್ಡ ಮನೆತನದಿಂದ ಬಂದವಳಾದರೂ ಹೆಂಗಸರು ಸ್ಕೀ ಮಾಡುವುದು ಸರಿಯಲ್ಲ ಎಂದು ಜನ ಹೇಳುತ್ತಿದ್ದ ಕಾಲದಲ್ಲೇ ಸ್ಕೀ ಕಟ್ಟಿಕೊಂಡು ಹೊರಟವಳು. ಮನೆಯ ಹಿಂದೆಯೇ ಕಾಡು, ಬೆಟ್ಟ. ಹುಡುಗ ದಿನಗಟ್ಟಲೆ ಕಾಡಿನಲ್ಲಿ ಅಲೆಯುತ್ತ, ಹೊಳೆಯಲ್ಲಿ ಮೀನು ಹಿಡಿಯುತ್ತ ಬೆಳೆದ. ಹದಿನೈದನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ.

ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಆರಿಸಿಕೊಂಡದ್ದಕ್ಕೆ ಬಯಲಲ್ಲಿ ಓಡಾಡುವ ಆಸೆಯೂ ಒಂದು ಕಾರಣ. 1882ರಲ್ಲಿ ಸೀಲ್ ಬೇಟೆಯ ಹಡಗು ‘ವೈಕಿಂಗ್’ ಹತ್ತಿ ಉತ್ತರ ಧ್ರುವ ಸಾಗರಕ್ಕೆ ಹೋದ. ಹಡಗು ವಾರಗಟ್ಟಲೆ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಆಗ ದೂರದಲ್ಲಿ ಗ್ರೀನ್‌ಲ್ಯಾಂಡ್‌ನ ಪೂರ್ವ ತೀರ ಕಂಡಿತು. ಅದು ಯಾರೂ ದಾಟದ ನೆಲ. ಆ ಬಿಳಿ ಬೆಟ್ಟಗಳು ತಲೆಯಲ್ಲಿ ಕೂತುಬಿಟ್ಟವು.

ಹಿಂದಿರುಗಿದ ವರ್ಷವೇ ಬರ್ಗೆನ್ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಕುಷ್ಠರೋಗದ ಬ್ಯಾಕ್ಟೀರಿಯಾ ಕಂಡುಹಿಡಿದ ಅರ್ಮೌರ್ ಹಾನ್ಸೆನ್ ಅಲ್ಲಿದ್ದ ಹಿರಿಯ ವಿಜ್ಞಾನಿಗಳಲ್ಲಿ ಒಬ್ಬ. ನಾನ್ಸೆನ್ ಆರಿಸಿಕೊಂಡದ್ದು ಸಣ್ಣ ಸಮುದ್ರಜೀವಿಗಳ ನರವ್ಯೂಹ. ಇಟಲಿಗೆ ಹೋಗಿ, ನರಕೋಶಗಳಿಗೆ ಬಣ್ಣ ಹಿಡಿಸುವ ವಿಧಾನವನ್ನು ಅದರ ಜನಕ ಕಾಮಿಲ್ಲೊ ಗೋಲ್ಗಿಯ ಪ್ರಯೋಗಾಲಯದಲ್ಲೇ ಕಲಿತು ಬಂದ. ನರತಂತುಗಳೆಲ್ಲ ಒಂದಕ್ಕೊಂದು ಬೆಸೆದ ಬಲೆ ಎಂದು ಬಹುತೇಕರು ನಂಬಿದ್ದ ಹೊತ್ತಿನಲ್ಲಿ, ಅವು ಬಿಡಿಬಿಡಿಯಾಗಿದ್ದು ಒಂದನ್ನೊಂದು ತಾಗುತ್ತವಷ್ಟೇ ಎಂದು ಹೇಳಿದ ಮೊದಲಿಗರಲ್ಲಿ ಈತನೂ ಒಬ್ಬ.

ಸೂಕ್ಷ್ಮದರ್ಶಕದ ಮುಂದೆ ಕೂತೇ ಕಾಲ ಕಳೆಯುವ ಜೀವ ಮಾತ್ರ ಅದಲ್ಲ. 1884ರ ಚಳಿಗಾಲದಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಸ್ಕೀ ಸ್ಪರ್ಧೆ ಇತ್ತು. ಪಶ್ಚಿಮದ ಬರ್ಗೆನ್‌ಗೂ ಪೂರ್ವದ ಕ್ರಿಸ್ಟಿಯಾನಿಯಾಗೂ ನಡುವೆ ಎತ್ತರದ ಬೆಟ್ಟಸಾಲು. ಚಳಿಗಾಲದಲ್ಲಿ ಅದನ್ನು ಸುತ್ತಿ ಹಡಗಿನಲ್ಲಿ ಹೋಗುವುದು ವಾಡಿಕೆ. ನಾನ್ಸೆನ್ ವೊಸ್ ಎಂಬ ಊರಿನ ತನಕ ರೈಲಿನಲ್ಲಿ ಹೋಗಿ, ಅಲ್ಲಿಂದ ಸ್ಕೀ ಕಟ್ಟಿಕೊಂಡು ಬೆಟ್ಟ ದಾಟಿ, ಸ್ಪರ್ಧೆಯಲ್ಲಿ ಭಾಗವಹಿಸಿ, ಮತ್ತೆ ಬೆಟ್ಟದ ಮೇಲಿಂದಲೇ ಮರಳಿ ಬಂದ. ಬರುವಾಗ ಒಬ್ಬನೇ. ಕತ್ತಲಲ್ಲಿ ದಾರಿ ಸಿಗದೆ ಹಿಮದಲ್ಲೇ ಮುದುರಿಕೊಂಡು ರಾತ್ರಿ ಕಳೆಯಬೇಕಾಯಿತು. ಬಟ್ಟೆ, ಆಹಾರ, ಸ್ಕೀ ಸರಿಯಾಗಿದ್ದರೆ ಚಳಿಗಾಲದ ಬೆಟ್ಟದಲ್ಲಿ ಮನುಷ್ಯ ಬದುಕಬಲ್ಲ ಎಂಬುದು ಆ ರಾತ್ರಿ ಮೈಯಿಗೇ ತಿಳಿಯಿತು.

ತಲೆಕೆಳಗಾದ ಲೆಕ್ಕ

ಗ್ರೀನ್‌ಲ್ಯಾಂಡ್‌ನ ಬಹುಭಾಗವನ್ನು ಮುಚ್ಚಿರುವುದು ಒಂದೇ ಹಿಮದ ಹೊದಿಕೆ. ಅಂಚಿನಿಂದ ನಡುವಿಗೆ ಹೋದಂತೆ ಏರುತ್ತ ಹೋಗುವ, ಬೋರಲು ಹಾಕಿದ ಅಗಲ ಬಾಂಡಲೆಯಂಥ ರಚನೆ. 1883ರಲ್ಲಿ ನೋರ್ಡೆನ್‌ಶೆಲ್ಡ್, 1886ರಲ್ಲಿ ರಾಬರ್ಟ್ ಪಿಯರಿ ಅದನ್ನು ಹತ್ತಲು ಹೋಗಿ ಅರ್ಧಕ್ಕೇ ಮರಳಿದ್ದರು. ಇಬ್ಬರೂ ಹೊರಟದ್ದು ಪಶ್ಚಿಮ ತೀರದಿಂದ. ಅದು ಸಹಜವೂ ಹೌದು. ಡೆನ್ಮಾರ್ಕಿನ ವಸಾಹತುಗಳು, ಮನೆ, ಮಳಿಗೆ, ಹಡಗು ಎಲ್ಲ ಇದ್ದದ್ದು ಆ ಕಡೆಯಲ್ಲಿ.

ನಾನ್ಸೆನ್ ಈ ಲೆಕ್ಕವನ್ನು ತಲೆಕೆಳಗು ಮಾಡಿದ. ಪಶ್ಚಿಮದಿಂದ ಹೊರಟವನು ಪೂರ್ವ ಮುಟ್ಟಿದರೂ ಅಲ್ಲಿ ಅವನನ್ನು ಕರೆದೊಯ್ಯಲು ಯಾರೂ ಇಲ್ಲ, ಮತ್ತೆ ಅಷ್ಟೇ ದೂರ ಹಿಂದೆ ನಡೆಯಬೇಕು. ಅದೂ ಸಾಲದೆಂಬಂತೆ, ಕಷ್ಟ ಬಂದಾಗಲೆಲ್ಲ ಬೆನ್ನ ಹಿಂದಿನ ಬೆಚ್ಚನೆಯ ಮನೆ ಕೈಬೀಸಿ ಕರೆಯುತ್ತದೆ. ಜನವಸತಿ ಇಲ್ಲದ ಪೂರ್ವ ತೀರದಲ್ಲಿ ಇಳಿದು, ಹಡಗನ್ನು ಕಳಿಸಿಬಿಟ್ಟರೆ? ಆಗ ಊಟ, ಬೆಂಕಿ, ಮನುಷ್ಯರು ಎಲ್ಲ ಮುಂದೆಯೇ ಇರುತ್ತಾರೆ. ನಡೆಯಬೇಕಾದ ದೂರವೂ ಅರ್ಧ. ಹಿಂದಿರುಗುವ ಚರ್ಚೆಯೇ ಏಳುವುದಿಲ್ಲ.

ತಿಳಿದವರು ಇದನ್ನು ಹುಚ್ಚು ಎಂದರು. ನಾರ್ವೆ ಸರ್ಕಾರ ಹಣ ಕೊಡಲು ಒಪ್ಪಲಿಲ್ಲ. ಕೊನೆಗೆ ಕೋಪನ್‌ಹೇಗನ್ನಿನ ವ್ಯಾಪಾರಿ ಆಗಸ್ಟಿನ್ ಗಾಮೆಲ್ 5,000 ಕ್ರೋನರ್ ಕೊಟ್ಟ. ಹೊರಡುವುದಕ್ಕೆ ಕೆಲವೇ ದಿನ ಮುಂಚೆ, 1888ರ ಏಪ್ರಿಲ್ ಕೊನೆಯಲ್ಲಿ, ನಾನ್ಸೆನ್ ತನ್ನ ಡಾಕ್ಟರೇಟ್ ಪ್ರಬಂಧವನ್ನು ಸಮರ್ಥಿಸಿಕೊಂಡ. ತಿರುಗಿ ಬರುವ ಭರವಸೆ ಇಲ್ಲದವನೊಂದಿಗೆ ಪರೀಕ್ಷಕರು ಹೆಚ್ಚು ಜಗಳವಾಡಲಿಲ್ಲ ಎಂಬ ಮಾತು ಆಮೇಲೆ ಹುಟ್ಟಿಕೊಂಡಿತು.

ಆರು ಜನ, ಐದು ಜಾರುಬಂಡಿ

ತಂಡದಲ್ಲಿ ಇದ್ದದ್ದು ಆರು ಜನ. ನಾನ್ಸೆನ್, ನಾವಿಕ ಒಟ್ಟೊ ಸ್ವೆರ್‌ಡ್ರಪ್, ಸೇನಾಧಿಕಾರಿ ಒಲುಫ್ ಡೀಟ್ರಿಕ್ಸನ್, ಕ್ರಿಸ್ಟಿಯನ್ ಕ್ರಿಸ್ಟಿಯನ್‌ಸೆನ್ ಎಂಬ ಯುವಕ, ಉತ್ತರದ ಸಾಮಿ ಬುಡಕಟ್ಟಿನ ಸಾಮುಯೆಲ್ ಬಾಲ್ಟೊ ಮತ್ತು ಓಲೆ ರಾವ್ನಾ. ನಾಯಿ ಇಲ್ಲ, ಹಿಮಸಾರಂಗವೂ ಇಲ್ಲ. ಜಾರುಬಂಡಿಗಳನ್ನು ಮನುಷ್ಯರೇ ಎಳೆಯಬೇಕು.

ಆದ್ದರಿಂದ ನಾನ್ಸೆನ್ ಒಂದೊಂದು ವಸ್ತುವನ್ನೂ ತೂಗಿ ನೋಡಿದ. ಕಬ್ಬಿಣದ ಭಾರದ ಬಂಡಿಗಳ ಬದಲು ಹಗುರ ಮರದ, ಅಗಲ ಪಟ್ಟಿಯ ಬಂಡಿಗಳನ್ನು ಮಾಡಿಸಿದ. ಇಂದಿಗೂ ಅಂಥ ಬಂಡಿಗೆ ಅವನ ಹೆಸರೇ ಇದೆ. ಹಿಮಸಾರಂಗದ ಚರ್ಮದ ಎರಡು ಮಲಗುಚೀಲ, ಒಂದೊಂದರಲ್ಲಿ ಮೂವರು. ಒಲೆಯ ವಿನ್ಯಾಸವಂತೂ ಎಂಜಿನಿಯರುಗಳು ಮೆಚ್ಚುವಂಥದ್ದು. ಅಡುಗೆ ಪಾತ್ರೆಯನ್ನು ಸುತ್ತಿ ಹೊರಹೋಗುವ ಬಿಸಿ ವ್ಯರ್ಥವಾಗದೆ, ಮೇಲಿನ ಇನ್ನೊಂದು ಪಾತ್ರೆಯ ಹಿಮವನ್ನು ಕರಗಿಸುತ್ತಿತ್ತು. ಹೊತ್ತೊಯ್ಯಬೇಕಾದ ಇಂಧನ ಅಷ್ಟು ಕಡಿಮೆಯಾಯಿತು.

ಕಾಲಿಗೆ ಎರಡು ಬಗೆಯ ಸಾಧನ. ಒಂದು ಸ್ಕೀ. ಇನ್ನೊಂದು ಸ್ನೋಶೂ. ಕೆನಡಾದ ಮೂಲನಿವಾಸಿಗಳು ಬಳಸುವ ಬಗೆಯದು ಕೆಲವು, ನಾರ್ವೆಯ ರೈತರು ಬಳಸುವ ಬಗೆಯದು ಕೆಲವು. ಸ್ನೋಶೂ ಎಂದರೆ ಟೆನಿಸ್ ರಾಕೆಟ್ಟಿನಂಥ ಮರದ ಚೌಕಟ್ಟಿಗೆ ಚರ್ಮದ ದಾರ ಹೆಣೆದು ಪಾದಕ್ಕೆ ಕಟ್ಟಿಕೊಳ್ಳುವ ಸಾಧನ. ಕೆಸರುಗದ್ದೆಯಲ್ಲಿ ಬರಿಗಾಲಿಟ್ಟರೆ ಮೊಣಕಾಲ ತನಕ ಹೂತುಹೋಗುತ್ತದೆ, ಅಗಲವಾದ ಹಲಗೆ ಹಾಕಿ ನಿಂತರೆ ಹೂಳುವುದಿಲ್ಲ. ಇಲ್ಲಿ ನಡೆಯುವುದೂ ಅದೇ. ಸ್ಕೀ ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ವೇಗ ಕೊಡುತ್ತದೆ. ಆದರೆ ಭಾರ ಎಳೆದುಕೊಂಡು ಏರು ಹತ್ತುವಾಗ ಹಿಂದಕ್ಕೆ ಜಾರುತ್ತದೆ. ಸಡಿಲ ಹಿಮದ ಏರಿನಲ್ಲಿ ಹಿಡಿತ ಸಿಗುವುದು ಸ್ನೋಶೂನಲ್ಲಿ.

ಹಡಗು ‘ಜೇಸನ್’ ಅವರನ್ನು ಜುಲೈ 17ರಂದು ಪೂರ್ವ ತೀರದಿಂದ ಸುಮಾರು 20 ಕಿಲೊಮೀಟರ್ ದೂರದಲ್ಲಿ ಬಿಟ್ಟು ಹೊರಟುಹೋಯಿತು. ನಡುವೆ ಇದ್ದದ್ದು ತೇಲುವ ಮಂಜುಗಡ್ಡೆ. ಒಂದು ದಿನದಲ್ಲಿ ದಡ ಸೇರುವ ಲೆಕ್ಕವಿತ್ತು. ಪ್ರವಾಹ ಬೇರೆ ಲೆಕ್ಕ ಹಾಕಿತು. ಹನ್ನೆರಡು ದಿನ ಮಂಜುಗಡ್ಡೆಯ ಚಪ್ಪಡಿಗಳ ಮೇಲೆ ಡೇರೆ ಹಾಕಿಕೊಂಡು ಅವರು ದಕ್ಷಿಣಕ್ಕೆ ಸುಮಾರು 380 ಕಿಲೊಮೀಟರ್ ತೇಲಿಹೋದರು. ಅವರಿದ್ದ ಚಪ್ಪಡಿ ಬಿರುಕು ಬಿಡುತ್ತ ಕಿರಿದಾಗುತ್ತ, ತೆರೆದ ಕಡಲಿನ ಅಲೆಗಳ ಬಾಯಿಗೆ ಹೋಗಿ, ಹೇಗೋ ಮತ್ತೆ ದಡದ ಕಡೆ ತಿರುಗಿತು. ಜುಲೈ 29ರಂದು ನೆಲ ಮುಟ್ಟಿದವರು ದೋಣಿಗಳಲ್ಲಿ ಹುಟ್ಟು ಹಾಕುತ್ತ ಮತ್ತೆ ಉತ್ತರಕ್ಕೆ ಬಂದರು. ದಾರಿಯಲ್ಲಿ ಪೂರ್ವ ತೀರದ ಇನ್ಯೂಯಿಟ್ ಜನರ ಬೇಸಿಗೆ ಬಿಡಾರವೊಂದರಲ್ಲಿ ಆದರವೂ ಸಿಕ್ಕಿತು. ಉಮಿವಿಕ್ ಕೊಲ್ಲಿಯಲ್ಲಿ ದೋಣಿಗಳನ್ನು ಮಗುಚಿಟ್ಟು ಬೆಟ್ಟ ಹತ್ತಲು ಆರಂಭಿಸಿದ್ದು ಆಗಸ್ಟ್ 15ಕ್ಕೆ. ಬೇಸಿಗೆ ಮುಗಿಯುತ್ತ ಬಂದಿತ್ತು.

ಬಾಂಡಲೆಯ ನೆತ್ತಿಯ ಮೇಲೆ

ಮೊದಲ ದಿನಗಳು ಹಿಮನದಿಯ ಬಿರುಕುಗಳ ನಡುವೆ. ಹಗಲು ಹಿಮ ಮೆತ್ತಗಾಗುತ್ತದೆಂದು ರಾತ್ರಿ ನಡೆದರು. ನಡುವೆ ಮಳೆ ಹಿಡಿದು ಮೂರು ದಿನ ಡೇರೆಯೊಳಗೇ ಕೂರಬೇಕಾಯಿತು. ಪ್ರತಿಯೊಬ್ಬನ ಬೆನ್ನ ಹಿಂದೆ ಸುಮಾರು 100 ಕಿಲೋ ಭಾರ. ನಾನ್ಸೆನ್ ಮತ್ತು ಸ್ವೆರ್‌ಡ್ರಪ್ ಸೇರಿ ಎಳೆಯುತ್ತಿದ್ದ ಮುಂಚೂಣಿಯ ಬಂಡಿ ಇನ್ನೂ ಭಾರದ್ದು, ದಾರಿ ಮಾಡಬೇಕಾದದ್ದೂ ಅದೇ.

ಮೇಲೇರಿದಂತೆ ಹಿಮ ಮರಳಿನಂತೆ ಒರಟಾಯಿತು. ಬಂಡಿ ಜಾರುವ ಬದಲು ಕಚ್ಚಿಕೊಳ್ಳತೊಡಗಿತು. ತಲುಪಬೇಕೆಂದಿದ್ದ ಕ್ರಿಶ್ಚಿಯಾನ್ಸ್‌ಹಾಬ್ ಊರು ಸುಮಾರು 600 ಕಿಲೊಮೀಟರ್ ದೂರ. ಅಲ್ಲಿಂದ ಹೊರಡುವ ಕೊನೆಯ ಹಡಗು ಸಿಗುವುದಿಲ್ಲ ಎಂಬುದು ಆಗಸ್ಟ್ ಕೊನೆಗೆ ಖಚಿತವಾಯಿತು. ನಾನ್ಸೆನ್ ದಿಕ್ಕು ಬದಲಿಸಿ ಇನ್ನೂ ದಕ್ಷಿಣದ ಗಾಟ್‌ಹಾಬ್ ಕಡೆಗೆ ತಿರುಗಿದ. ಅಲ್ಲಿಗೆ ಸುಮಾರು 150 ಕಿಲೊಮೀಟರ್ ಕಡಿಮೆ. ಹಿಂದಕ್ಕೆ ಹೋಗುವ ಪ್ರಶ್ನೆ ಆಗಲೂ ಬರಲಿಲ್ಲ, ಏಕೆಂದರೆ ಹಿಂದೆ ಎರಡು ಮಗುಚಿದ ದೋಣಿ ಬಿಟ್ಟರೆ ಮತ್ತೇನೂ ಇರಲಿಲ್ಲ.

ಏರು ಇಳಿಮುಖವಾದಂತೆ ಸ್ನೋಶೂ ಬಿಚ್ಚಿ ಸ್ಕೀ ಕಟ್ಟಿಕೊಂಡರು. ನೋಡಲು ಏನೂ ಇಲ್ಲದ ದಾರಿ ಅದು. ಗಿಡ ಇಲ್ಲ, ಕಲ್ಲು ಇಲ್ಲ, ಹಕ್ಕಿಯೂ ಇಲ್ಲ. ಕಣ್ಣು ಹಾಯಿಸಿದಷ್ಟೂ ಬಿಳಿ, ಮೇಲೆ ಸೂರ್ಯ. ಸುತ್ತ ನೀರೇ ಗಟ್ಟಿಯಾಗಿ ಬಿದ್ದಿದ್ದರೂ ಬಾಯಾರಿಕೆ. ಇಂಧನ ಮಿತವಾದ್ದರಿಂದ ತಗಡಿನ ಸೀಸೆಗಳಲ್ಲಿ ಹಿಮ ತುಂಬಿ ಎದೆಗವಚಿಕೊಂಡು, ಮೈಬಿಸಿಯಲ್ಲಿ ಕರಗಿದಷ್ಟು ಕುಡಿಯುತ್ತಿದ್ದರು. ತಂದಿದ್ದ ಪೆಮ್ಮಿಕನ್ ಎಂಬ ಒಣಮಾಂಸದ ಪುಡಿಯಲ್ಲಿ ಇರಬೇಕಾದ ಕೊಬ್ಬೇ ಇರಲಿಲ್ಲ. ಹೊಟ್ಟೆ ತುಂಬಿದರೂ ಹಸಿವು ಇಂಗುತ್ತಿರಲಿಲ್ಲ. ವಾರಕ್ಕೊಮ್ಮೆ ಕೈಗೆ ಬರುವ ಬೆಣ್ಣೆಯ ಪಾಲನ್ನು ಹಾಗೇ ಕಚ್ಚಿ ತಿಂದುಬಿಡುತ್ತಿದ್ದರು.

ಸೆಪ್ಟೆಂಬರ್ 11ರ ಸುಮಾರಿಗೆ ಹಿಮದ ನೆತ್ತಿ ಮುಟ್ಟಿದರು. ಸಮುದ್ರಮಟ್ಟದಿಂದ 2,719 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 800 ಮೀಟರ್ ಹೆಚ್ಚು. ಆದರೆ ಅಲ್ಲಿ ಶಿಖರವೆಂದು ಬೆರಳು ತೋರಿಸಲು ಏನೂ ಇಲ್ಲ. ಎಲ್ಲಿ ಏರು ಮುಗಿಯಿತು, ಎಲ್ಲಿ ಇಳಿಜಾರು ಶುರುವಾಯಿತು ಎಂಬುದು ಅಳತೆಯ ಉಪಕರಣಕ್ಕೆ ಮಾತ್ರ ಗೊತ್ತು. ಬಾವುಟ ನೆಟ್ಟು ಸಂಭ್ರಮಿಸುವ ಜಾಗ ಅದಾಗಿರಲಿಲ್ಲ. ರಾತ್ರಿ ತಾಪಮಾನ ಸೊನ್ನೆಗಿಂತ 45 ಡಿಗ್ರಿ ಕೆಳಗೆ ಇಳಿಯಿತು. ಬೆಳಗ್ಗೆ ಎದ್ದಾಗ ಉಸಿರಿನ ಹಬೆ ತಲೆಯ ಸುತ್ತ ಹಿಮದ ಹರಳಾಗಿ ಕೂತಿರುತ್ತಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿದ್ದ ರಾವ್ನಾ, ಮಾತಿನ ಮಲ್ಲ ಬಾಲ್ಟೊ ಇಬ್ಬರೂ ತಾವಿನ್ನು ಊರು ಕಾಣುವುದಿಲ್ಲ ಎಂದು ಕಂಗಾಲಾದದ್ದು ಒಂದೆರಡು ಸಲವಲ್ಲ. ನಾಯಕ ಆಯ್ದುಕೊಂಡ ಸಿದ್ಧಾಂತದ ಬೆಲೆಯನ್ನು ಜೊತೆಗಿದ್ದವರೂ ತೆರುತ್ತಿದ್ದರು.

ಸೆಪ್ಟೆಂಬರ್ 19ಕ್ಕೆ ಪೂರ್ವದಿಂದ ಗಾಳಿ ಎದ್ದಿತು. ಬಂಡಿಗಳನ್ನು ಜೋಡಿಸಿ ಕಟ್ಟಿ, ಡೇರೆಯ ಬಟ್ಟೆಯನ್ನು ಹಾಯಿಯಾಗಿ ಏರಿಸಿದರು. ಹಿಮದ ಮೇಲೆ ಹಡಗು ಹೋದಂತೆ ಬಂಡಿಗಳು ಓಡಿದವು. ಆ ಮಧ್ಯಾಹ್ನವೇ ಬಾಲ್ಟೊ ದೂರದಲ್ಲಿ ಕಪ್ಪು ನೆಲ ಕಂಡು ಕೂಗಿದ. ಅದೇ ಸಂಜೆ ಬೆಳದಿಂಗಳಲ್ಲಿ ಓಡುತ್ತಿದ್ದಾಗ ಎದುರಿಗೆ ದೊಡ್ಡ ಬಿರುಕು ಬಾಯಿ ತೆರೆದಿತ್ತು. ನಾನ್ಸೆನ್ ಕೊನೆಯ ಕ್ಷಣದಲ್ಲಿ ಬಂಡಿ ತಿರುಗಿಸಿದ.

ಪಶ್ಚಿಮದ ಕಡಲಕವಲು ಸಿಕ್ಕಿತು. ಆದರೆ ಗಾಟ್‌ಹಾಬ್‌ಗೆ ನೆಲದ ದಾರಿ ಇಲ್ಲ. ಸ್ವೆರ್‌ಡ್ರಪ್ ಕುರುಚಲು ವಿಲ್ಲೋ ಗಿಡದ ಕೊಂಬೆ ಬಗ್ಗಿಸಿ, ಡೇರೆಯ ನೆಲಹಾಸನ್ನು ಮೇಲೆ ಹೊಲಿದು ಬುಟ್ಟಿಯಂಥ ದೋಣಿ ಮಾಡಿದ. ನಮ್ಮ ತುಂಗಭದ್ರೆಯ ಹರಿಗೋಲು ಕಂಡವರಿಗೆ ಅದರ ಅಂದಾಜು ಸಿಕ್ಕೀತು. ನೀರು ಒಳಬರುತ್ತಲೇ ಇತ್ತು, ಮೊಗೆದು ಚೆಲ್ಲುತ್ತಲೇ ಇದ್ದರು. ಇಬ್ಬರೇ ಹುಟ್ಟು ಹಾಕಿ ಅಕ್ಟೋಬರ್ 3ರಂದು ಗಾಟ್‌ಹಾಬ್ ಮುಟ್ಟಿದರು. ಹಡಗು ಬಿಟ್ಟು 78 ದಿನ ಆಗಿತ್ತು. ಎದುರುಗೊಂಡ ಡೇನಿಶ್ ಅಧಿಕಾರಿ ಹೆಸರು ಕೇಳಿ ತಿಳಿದುಕೊಂಡು ಮೊದಲು ಮಾಡಿದ್ದು ಡಾಕ್ಟರೇಟ್ ಬಂದದ್ದಕ್ಕೆ ಅಭಿನಂದನೆ. ಆ ಸುದ್ದಿ ಹಡಗಿನಲ್ಲಿ ಅವನಿಗಿಂತ ಮುಂಚೆ ಅಲ್ಲಿ ತಲುಪಿತ್ತು.

ಆ ವರ್ಷದ ಹಡಗು ಸಿಗಲಿಲ್ಲ. ಚಳಿಗಾಲವೆಲ್ಲ ಅಲ್ಲೇ ಉಳಿದು ನಾನ್ಸೆನ್ ಇನ್ಯೂಯಿಟ್ ಜನರ ಮನೆಗಳಲ್ಲಿ ಕೂತ, ಕಯಾಕ್ ನಡೆಸುವುದು ಕಲಿತ, ಅವರ ಬದುಕಿನ ಬಗ್ಗೆ ಪುಸ್ತಕ ಬರೆಯುವಷ್ಟು ತಿಳಿದುಕೊಂಡ. 1889ರ ಮೇ ತಿಂಗಳಲ್ಲಿ ಕ್ರಿಸ್ಟಿಯಾನಿಯಾಕ್ಕೆ ಬಂದಿಳಿದಾಗ ಬಂದರಿನಲ್ಲಿ ಜನಸಾಗರ. ಜಾಹೀರಾತಿನ ನಗೆ ಎಲ್ಲೋ ಹೋಗಿತ್ತು.

ಮಂಜುಗಡ್ಡೆಗೆ ಒಪ್ಪಿಸಿದ ಹಡಗು

ಮುಂದಿನ ಯೋಜನೆ ಇನ್ನೂ ವಿಚಿತ್ರ. ಸೈಬೀರಿಯಾದ ಉತ್ತರದಲ್ಲಿ 1881ರಲ್ಲಿ ಮಂಜುಗಡ್ಡೆಗೆ ಸಿಕ್ಕಿ ಪುಡಿಯಾದ ‘ಜೀನೆಟ್’ ಹಡಗಿನ ಅವಶೇಷಗಳು ಮೂರು ವರ್ಷದ ನಂತರ ಗ್ರೀನ್‌ಲ್ಯಾಂಡ್ ತೀರದಲ್ಲಿ ಸಿಕ್ಕಿದ್ದವು. ಹಾಗಾದರೆ ಮಂಜುಗಡ್ಡೆ ಧ್ರುವಸಾಗರವನ್ನು ಅಡ್ಡಹಾಯ್ದು ಹರಿಯುತ್ತಿರಬೇಕು. ಬೇಕೆಂದೇ ಹಡಗನ್ನು ಅದರಲ್ಲಿ ಸಿಕ್ಕಿಸಿ ತೇಲಿಹೋದರೆ? ಕಾಲಿನ್ ಆರ್ಚರ್ ಕಟ್ಟಿದ ‘ಫ್ರಾಮ್’ ಹಡಗಿನ ತಳ ದುಂಡಗೆ. ಒತ್ತಡ ಬಂದಾಗ ಪುಡಿಯಾಗದೆ ಮೇಲಕ್ಕೆ ಜಾರಿ ಕೂರುವಂಥದ್ದು. 1893ರಲ್ಲಿ ಹದಿಮೂರು ಜನರೊಂದಿಗೆ ಹೊರಟ ಅದು ಲೆಕ್ಕದಂತೆಯೇ ಸಿಕ್ಕಿಕೊಂಡು, ಲೆಕ್ಕದಂತೆಯೇ ತೇಲಿತು. ತೇಲುವ ದಿಕ್ಕು ಗಾಳಿಯ ದಿಕ್ಕಿಗಿಂತ ಬಲಕ್ಕೆ ವಾಲುತ್ತದೆ ಎಂದು ನಾನ್ಸೆನ್ ಗಮನಿಸಿದ. ಅದರ ಗಣಿತವನ್ನು ಆಮೇಲೆ ಎಕ್ಮನ್ ಎಂಬ ಯುವಕ ಬಿಡಿಸಿದ. ಸಾಗರವಿಜ್ಞಾನದ ಪಾಠ ಇವತ್ತಿಗೂ ಅದಿಲ್ಲದೆ ಆಗುವುದಿಲ್ಲ.

ಹಡಗು ಧ್ರುವದ ಮೇಲೆ ಹಾಯುವುದಿಲ್ಲ ಎಂದು ಕಂಡಾಗ, 1895ರ ಮಾರ್ಚ್‌ನಲ್ಲಿ ನಾನ್ಸೆನ್ ಯಾಲ್ಮಾರ್ ಯೊಹಾನ್ಸೆನ್ ಎಂಬವನ ಜೊತೆ ನಾಯಿಬಂಡಿಗಳೊಂದಿಗೆ ಉತ್ತರಕ್ಕೆ ನಡೆದ. ತೇಲುತ್ತಿರುವ ಹಡಗಿಗೆ ಮರಳಿ ಬರುವುದು ಅಸಾಧ್ಯ. ಇಲ್ಲೂ ವಾಪಸ್ ಟಿಕೆಟ್ ಇಲ್ಲ. 86 ಡಿಗ್ರಿ 14 ನಿಮಿಷ ಅಕ್ಷಾಂಶ ಮುಟ್ಟಿ ದಕ್ಷಿಣಕ್ಕೆ ತಿರುಗಿದರು. ಅಲ್ಲಿಯ ತನಕ ಅಷ್ಟು ಉತ್ತರಕ್ಕೆ ಯಾರೂ ಹೋಗಿರಲಿಲ್ಲ. ಫ್ರಾಂಝ್ ಜೋಸೆಫ್ ದ್ವೀಪಗಳಲ್ಲಿ ಕಲ್ಲು, ವಾಲ್ರಸ್ ಚರ್ಮದ ಗುಡಿಸಲು ಕಟ್ಟಿ, ಹಿಮಕರಡಿಯ ಮಾಂಸ ತಿಂದು ಚಳಿಗಾಲ ಕಳೆದರು. ಒಂದೇ ಮಲಗುಚೀಲದಲ್ಲಿ ಮಲಗುತ್ತಿದ್ದರೂ ಒಬ್ಬರನ್ನೊಬ್ಬರು ‘ನೀವು’ ಎಂದೇ ಮಾತಾಡಿಸುತ್ತಿದ್ದವರು, ಆ ವರ್ಷದ ಕೊನೆಯ ರಾತ್ರಿ ‘ನೀನು’ ಎನ್ನಲು ಒಪ್ಪಿಕೊಂಡರಂತೆ. 1896ರ ಜೂನ್‌ನಲ್ಲಿ ಇಂಗ್ಲಿಷ್ ಅನ್ವೇಷಕ ಫ್ರೆಡೆರಿಕ್ ಜಾಕ್ಸನ್ ಆಕಸ್ಮಿಕವಾಗಿ ಎದುರಾದ, ಜೀವ ಉಳಿಯಿತು. ಅವರು ನಾರ್ವೆ ಮುಟ್ಟಿದ ಆಗಸ್ಟ್ 13ರಂದೇ ಫ್ರಾಮ್ ಕೂಡ ಮಂಜುಗಡ್ಡೆಯಿಂದ ಬಿಡಿಸಿಕೊಂಡಿತು. ಹದಿಮೂರು ಜನರಲ್ಲಿ ಒಬ್ಬನೂ ಸಾಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಪ್ರಾಧ್ಯಾಪಕನಾದ. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರ್ಪಟ್ಟಾಗ ದೇಶದ ದನಿಯಾದ, ಲಂಡನ್ನಿಗೆ ಹೊಸ ದೇಶದ ಮೊದಲ ರಾಯಭಾರಿಯಾಗಿ ಹೋದ. ಆತ ಅಲ್ಲಿದ್ದಾಗಲೇ, 1907ರ ಡಿಸೆಂಬರ್‌ನಲ್ಲಿ, ಗಾಯಕಿಯೂ ಸ್ಕೀ ಪಟುವೂ ಆಗಿದ್ದ ಹೆಂಡತಿ ಎವಾ ತೀರಿಕೊಂಡಳು. ದಕ್ಷಿಣ ಧ್ರುವದ ಕನಸೂ ಅವನಿಗಿತ್ತು. ಆದರೆ ಫ್ರಾಮ್ ಹಡಗನ್ನು ಅಮುಂಡ್ಸೆನ್ ಕೇಳಿದಾಗ ಬಿಟ್ಟುಕೊಟ್ಟ.

ಮುಂದೆಯೂ ಮನೆಯಿಲ್ಲದವರು

ಮೊದಲ ಮಹಾಯುದ್ಧ ಮುಗಿದಾಗ ನಾನ್ಸೆನ್‌ಗೆ ಐವತ್ತೇಳು. 1920ರಲ್ಲಿ ರಾಷ್ಟ್ರಸಂಘ ಅವನಿಗೆ ಒಂದು ಕೆಲಸ ಒಪ್ಪಿಸಿತು. ಯುದ್ಧ ಮುಗಿದು ಒಂದೂವರೆ ವರ್ಷವಾದರೂ ರಷ್ಯಾದಲ್ಲಿ, ಅದರಲ್ಲೂ ಸೈಬೀರಿಯಾದ ಶಿಬಿರಗಳಲ್ಲಿ, ಜರ್ಮನಿ–ಆಸ್ಟ್ರಿಯಾ–ಹಂಗೇರಿಯ ಲಕ್ಷಾಂತರ ಸೈನಿಕರು ಕೊಳೆಯುತ್ತಿದ್ದರು. ಅತ್ತ ರಷ್ಯಾದ ಸೈನಿಕರು ಯುರೋಪಿನಲ್ಲಿ. ರಷ್ಯಾದ ಹೊಸ ಸರ್ಕಾರ ರಾಷ್ಟ್ರಸಂಘದೊಂದಿಗೆ ಮಾತನಾಡಲು ಒಪ್ಪದಿದ್ದಾಗ, ನಾನ್ಸೆನ್ ಎಂಬ ವ್ಯಕ್ತಿಯ ಜೊತೆ ಮಾತಾಡಿತು. ಹಡಗು, ರೈಲು, ಸಾಲ ಎಲ್ಲ ಹೊಂದಿಸಿ 1922ರೊಳಗೆ ಸುಮಾರು 4,28,000 ಜನರನ್ನು ಆತ ಅವರವರ ಊರಿಗೆ ಕಳಿಸಿದ. ಇವರಿಗೆ ವಾಪಸ್ ಹೋಗಲು ಮನೆಯಿತ್ತು, ಬೇಕಾದದ್ದು ಬಂಡಿ ಮಾತ್ರ.

ಮುಂದಿನ ಪ್ರಶ್ನೆ ಹಾಗಿರಲಿಲ್ಲ. ಕ್ರಾಂತಿ ಮತ್ತು ಅಂತರ್ಯುದ್ಧದಿಂದ ಹದಿನೈದು ಲಕ್ಷದಷ್ಟು ಜನ ರಷ್ಯಾ ಬಿಟ್ಟು ಓಡಿದ್ದರು. 1921ರ ಕೊನೆಗೆ ಸೋವಿಯತ್ ಸರ್ಕಾರ ಅಂಥವರ ಪೌರತ್ವವನ್ನೇ ಕಿತ್ತುಹಾಕಿತು. ಯುದ್ಧದ ಮುಂಚೆ ಯುರೋಪಿನಲ್ಲಿ ಹೆಚ್ಚಿನ ಕಡೆ ಪಾಸ್‌ಪೋರ್ಟ್ ಇಲ್ಲದೆಯೇ ತಿರುಗಾಡಬಹುದಿತ್ತು. ಈಗ ಪ್ರತಿ ಗಡಿಯಲ್ಲೂ ಕಾಗದ ಕೇಳುತ್ತಿದ್ದರು. ಕೊಡಲು ಇವರಿಗೆ ದೇಶವೇ ಇರಲಿಲ್ಲ. ಕಾಗದ ಇಲ್ಲದೆ ಕೆಲಸ ಇಲ್ಲ, ಕೆಲಸ ಸಿಗುವ ಊರಿಗೆ ಹೋಗಲೂ ಆಗುವುದಿಲ್ಲ. ಗ್ರೀನ್‌ಲ್ಯಾಂಡ್‌ನಲ್ಲಿ ನಾನ್ಸೆನ್ ಬೆನ್ನ ಹಿಂದಿನ ದಾರಿಯನ್ನು ತಾನೇ ಮುಚ್ಚಿದ್ದು ಮುಂದೆ ಗಾಟ್‌ಹಾಬ್ ಇದೆ ಎಂಬ ಧೈರ್ಯದಿಂದ. ಇವರ ಮುಂದೆ ಯಾವ ಗಾಟ್‌ಹಾಬೂ ಇರಲಿಲ್ಲ.

1922ರ ಜುಲೈನಲ್ಲಿ ಜಿನೀವಾದಲ್ಲಿ ಸರ್ಕಾರಗಳು ನಾನ್ಸೆನ್‌ನ ಸಲಹೆ ಒಪ್ಪಿದವು. ವ್ಯಕ್ತಿ ಇರುವ ದೇಶವೇ ಗುರುತುಪತ್ರವೊಂದನ್ನು ಕೊಡುವುದು, ಉಳಿದ ದೇಶಗಳು ಅದನ್ನು ಮಾನ್ಯ ಮಾಡುವುದು. ‘ನಾನ್ಸೆನ್ ಪಾಸ್‌ಪೋರ್ಟ್’ ಎಂದು ಜಗತ್ತು ಕರೆದದ್ದು ಇದನ್ನು. ಪೌರತ್ವ ಕೊಡದಿದ್ದರೂ ಇಂಥವನೊಬ್ಬ ಇದ್ದಾನೆ ಎಂದು ಅದು ಹೇಳುತ್ತಿತ್ತು. ಐವತ್ತಕ್ಕೂ ಹೆಚ್ಚು ಸರ್ಕಾರಗಳು ಒಪ್ಪಿಕೊಂಡವು, ಸುಮಾರು ನಾಲ್ಕೂವರೆ ಲಕ್ಷ ಜನರಿಗೆ ಅದು ಸಿಕ್ಕಿತು. ಚಿತ್ರಕಾರ ಶಗಾಲ್, ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಕಾದಂಬರಿಕಾರ ನಬೊಕೊವ್ ಅದನ್ನು ಹಿಡಿದು ಗಡಿ ದಾಟಿದವರು. ಟ್ಯಾಕ್ಸಿ ಓಡಿಸಿದ, ಗಿರಣಿಯಲ್ಲಿ ದುಡಿದ ಹೆಸರಿಲ್ಲದವರು ಅವರಿಗಿಂತ ಸಾವಿರಾರು ಪಾಲು ಹೆಚ್ಚು. 1924ರಿಂದ ಅರ್ಮೇನಿಯನ್ನರಿಗೂ ಅದು ದೊರೆಯಿತು.

ಆದರೆ ಮೊದಲ ಪತ್ರದಲ್ಲಿ ಒಂದು ಕೊರತೆ ಇತ್ತು. ಅದನ್ನು ಹಿಡಿದು ಕೊಟ್ಟ ದೇಶದಿಂದ ಹೊರಗೆ ಹೋಗಬಹುದು, ಅದೇ ದೇಶಕ್ಕೆ ಮರಳಿ ಬರುವ ಹಕ್ಕು ಇರಲಿಲ್ಲ. ವಾಪಸ್ ಟಿಕೆಟ್ ಇಲ್ಲದ ಪಾಸ್‌ಪೋರ್ಟ್. ಮರಳಿ ಬರುವಂತಿಲ್ಲ ಎಂದಾದರೆ ಬೇರೆ ದೇಶವೂ ವೀಸಾ ಕೊಡಲು ಹಿಂಜರಿಯುತ್ತಿತ್ತು. 1926ರ ಒಪ್ಪಂದದಲ್ಲಿ ಮರಳುವ ವೀಸಾ ಕೊಡುವ ಏರ್ಪಾಡು ಸೇರಿತು. ಪತ್ರದ ಮೇಲೆ ಅಂಟಿಸುವ, ನಾನ್ಸೆನ್ ಚಿತ್ರವಿದ್ದ ಸ್ಟಾಂಪಿನ ಹಣ ಬಡ ನಿರಾಶ್ರಿತರ ನೆರವಿಗೆ ಹೋಗುತ್ತಿತ್ತು.

ಎಲ್ಲವೂ ಹೀಗೆ ಗೆಲುವಿನ ಕತೆಯಲ್ಲ. 1921ರಲ್ಲಿ ವೋಲ್ಗಾ ಪ್ರದೇಶದಲ್ಲಿ ಭೀಕರ ಬರ ಬಂದಾಗ ನಾನ್ಸೆನ್ ರಾಷ್ಟ್ರಸಂಘದ ಮುಂದೆ ಸಾಲಕ್ಕಾಗಿ ಬೇಡಿಕೊಂಡ, ಸರ್ಕಾರಗಳು ಕೊಡಲಿಲ್ಲ. ಊರೂರು ತಿರುಗಿ ಹಸಿದವರ ಚಿತ್ರ ತೋರಿಸಿ ಜನರಿಂದ ಹಣ ಎತ್ತಿದ. ಅರ್ಮೇನಿಯನ್ನರನ್ನು ಸೋವಿಯತ್ ಅರ್ಮೇನಿಯಾದಲ್ಲಿ ನೆಲೆಗೊಳಿಸುವ ಅವನ ಯೋಜನೆಗೂ ಬೇಕಾದ ಹಣ ಹುಟ್ಟಲಿಲ್ಲ.

ಇನ್ನೊಂದು ಅಧ್ಯಾಯ ಇನ್ನೂ ತೊಡಕಿನದು. 1922ರಲ್ಲಿ ಗ್ರೀಸ್–ಟರ್ಕಿ ಯುದ್ಧ ಮುಗಿದಾಗ ಲಕ್ಷಾಂತರ ನಿರಾಶ್ರಿತರು ಗ್ರೀಸ್ ತುಂಬಿದ್ದರು. ಎರಡೂ ದೇಶಗಳ ನಡುವೆ ಜನರ ವಿನಿಮಯವೇ ಪರಿಹಾರ ಎಂಬ ಮಾತುಕತೆಯನ್ನು ನಡೆಸಿದವನು ನಾನ್ಸೆನ್. 1923ರ ಜನವರಿಯಲ್ಲಿ ಸಹಿಯಾದ ಒಪ್ಪಂದ ಅದನ್ನು ಕಡ್ಡಾಯ ಮಾಡಿತು. ಹನ್ನೆರಡು ಲಕ್ಷದಷ್ಟು ಕ್ರೈಸ್ತರು, ನಾಲ್ಕು ಲಕ್ಷದ ಆಸುಪಾಸು ಮುಸ್ಲಿಮರು ಹುಟ್ಟಿದ ಊರಿಗೆ ಇನ್ನೆಂದೂ ಮರಳಬಾರದವರಾದರು. ಹೆಚ್ಚಿನ ಗ್ರೀಕರು ಆಗಲೇ ಓಡಿಬಂದಿದ್ದರು, ಇನ್ನಷ್ಟು ಕೊಲೆಗಳು ತಪ್ಪಿದವು ಎಂದು ಸಮರ್ಥಿಸುವವರಿದ್ದಾರೆ. ಬೇರೆಯವರ ಪಾಲಿಗೆ ಹಿಂದಿನ ದಾರಿಯನ್ನು ಕಾನೂನಿನಿಂದಲೇ ಮುಚ್ಚಿದ್ದು ತಪ್ಪು ಎನ್ನುವವರೂ ಇದ್ದಾರೆ. 1947ರ ನಮ್ಮ ವಿಭಜನೆಯನ್ನು ಬಲ್ಲವರಿಗೆ ಈ ವಾದ ಸುಲಭವಾಗಿ ಮುಗಿಯುವುದಿಲ್ಲ. ತಾನೇ ಆರಿಸಿಕೊಂಡು ದೋಣಿ ಮಗುಚಿಡುವುದು ಬೇರೆ, ಇನ್ನೊಬ್ಬರ ದೋಣಿ ಮಗುಚಿಡುವುದು ಬೇರೆ. ನಾನ್ಸೆನ್‌ನ ಬದುಕಿನಲ್ಲಿ ಎರಡೂ ಇವೆ. ಮಾತುಕತೆ ನಡೆಯುತ್ತಿದ್ದ ಆ ತಿಂಗಳುಗಳಲ್ಲೇ ಅವನಿಗೆ 1922ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಹಣವನ್ನೂ ಪರಿಹಾರ ಕೆಲಸಕ್ಕೇ ಸುರಿದ.

1930ರ ಮೇ 13ರಂದು ಓಸ್ಲೋ ಬಳಿಯ ತನ್ನ ಮನೆ ಪೊಲ್‌ಹೋಗ್ಡಾದ ಜಗಲಿಯಲ್ಲಿ ಕೂತಿದ್ದಾಗ ಹೃದಯ ನಿಂತಿತು. ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ರಂದು ಅಂತ್ಯಕ್ರಿಯೆ. ಅವನ ಹೆಸರಿನ ನಿರಾಶ್ರಿತರ ಕಚೇರಿಗೆ 1938ರಲ್ಲಿ ಮತ್ತೊಮ್ಮೆ ಶಾಂತಿ ಪ್ರಶಸ್ತಿ ಬಂತು. 1951ರ ನಿರಾಶ್ರಿತರ ಒಪ್ಪಂದದಲ್ಲಿರುವ ಪ್ರಯಾಣಪತ್ರದ ಮೂಲವೂ ಆ ಹಾಳೆಯೇ. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ನಮ್ಮ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ನರು ವಿದೇಶಕ್ಕೆ ಹೋಗಬೇಕಾದರೆ ಭಾರತ ಸರ್ಕಾರ ಕೊಡುವುದು ಗುರುತುಪತ್ರವೊಂದನ್ನು. ಅದರ ಹಿಂದಿರುವುದೂ ಅದೇ ಯೋಚನೆ: ದೇಶ ಕಳೆದುಕೊಂಡವನಿಗೆ, ಅವನು ಇರುವ ನಾಡೇ ಅವನ ಪರವಾಗಿ ಸಹಿ ಹಾಕಬೇಕು.

ಪುಣೆ, ಹೈದರಾಬಾದ್, ದೆಹಲಿಯಲ್ಲಿ ಕೂತ ನಾವು ಯುಗಾದಿಗೋ ದೀಪಾವಳಿಗೋ ಊರಿನ ಬಸ್ಸಿಗೆ ತಿಂಗಳ ಮುಂಚೆಯೇ ಸೀಟು ಹಿಡಿಯುತ್ತೇವೆ. ಸಿಗದಿದ್ದರೆ ಗೊಣಗುತ್ತೇವೆ. ಹೋಗಲು ಒಂದು, ಬರಲು ಒಂದು, ಎರಡೂ ಟಿಕೆಟ್ ನಮ್ಮ ಕೈಯಲ್ಲಿರುತ್ತವೆ. ವಲಸೆಗೂ ನಿರಾಶ್ರಿತ ಸ್ಥಿತಿಗೂ ಇರುವ ವ್ಯತ್ಯಾಸವನ್ನು ವಿವರಿಸಲು ಆ ಎರಡನೆಯ ಟಿಕೆಟ್ ಸಾಕು.